ಮುಂದಿನ ಫೋರ್ಕಿಗೆ ಎರಡು ಸಲ ಸೀಲ್ ಹಾಕಿಸಿದರೂ ಆಯಿಲ್ ಸೋರುತ್ತಿದೆ. ಮನೆಯಲ್ಲೇ ಬಿಚ್ಚಿ ನೋಡಬಹುದಾ?

ಎರೆಮಣ್ಣು_150 (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನನ್ನದು 150 ಸಿಸಿ ಗಾಡಿ, ಮುಂದೆ ಡಿಸ್ಕ್ ಬ್ರೇಕ್. ದಿನಾ ಕಲಬುರಗಿಯಿಂದ ಅಫಜಲಪುರ ಕಡೆಗೆ ಕೆಲಸಕ್ಕೆ ಹೋಗಿ ಬರುತ್ತೇನೆ, ವಾರಕ್ಕೊಮ್ಮೆ ಹೊಲಕ್ಕೂ ಒಯ್ಯುತ್ತೇನೆ. ಡಿಸ್ಕ್ ಇರುವ ಕಡೆಯ ಫೋರ್ಕಿನಿಂದ (ಮುಂದಿನ ಚಕ್ರ ಹಿಡಿದಿರುವ ಶಾಕಪ್ ಕಾಲು) ಆಯಿಲ್ ಸೋರುತ್ತಿದೆ. ನಾಲ್ಕು ತಿಂಗಳಲ್ಲಿ ಎರಡು ಸಲ ಸೀಲ್ ಬದಲಾಯಿಸಿದ್ದಾಯಿತು, ಎರಡು ಬೇರೆ ಬೇರೆ ಅಂಗಡಿಯಲ್ಲಿ. ಮೊದಲನೆಯದು ಮೂರು ವಾರ ತಡೆಯಿತು. ಎರಡನೆಯದು ಒಂದು ತಿಂಗಳೂ ತಡೆಯಲಿಲ್ಲ. ಈಗ ಬೆಳಿಗ್ಗೆ ಗಾಡಿ ತೆಗೆಯುವಾಗ ಫೋರ್ಕಿನ ಹೊಳೆಯುವ ರಾಡಿನ ಸುತ್ತ ಎಣ್ಣೆಯ ಉಂಗುರ ಕಾಣುತ್ತದೆ, ಅದು ಇಳಿಯುವ ಕೆಳಗಿನ ಕೊಳವೆ, ಅಂದರೆ ಬಾಟಂ ಕೇಸಿನ ಮೇಲೆ ಮಣ್ಣು ಅಂಟಿ ಕಪ್ಪು ಗೆರೆ ಬಿದ್ದಿದೆ.

ಮೂರನೇ ಸಲ ಅಂಗಡಿಗೆ ಬಿಡುವ ಮನಸ್ಸಿಲ್ಲ. ಏನು ಆಗಿದೆ ಅಂತ ನಾನೇ ಕಣ್ಣಾರೆ ನೋಡಬೇಕು. ಪಾನಾ ಸೆಟ್ ಇದೆ, ಚೈನು, ಬ್ರೇಕ್ ಶೂ, ಕ್ಲಚ್ ಕೇಬಲ್ ಎಲ್ಲ ನಾನೇ ಹಾಕಿಕೊಳ್ಳುತ್ತೇನೆ. ಫೋರ್ಕ್ ಮಾತ್ರ ಇದುವರೆಗೆ ಮುಟ್ಟಿಲ್ಲ. ಮನೆಯಲ್ಲಿ ಮಾಡಿದವರು ಯಾರಾದರೂ ಇದ್ದೀರಾ?

ಮಿಸ್ತ್ರಿ_ಹುಮನಾಬಾದ್

ಮಾಡಬಹುದು ರೀ. ಆದರೆ ಮೊದಲು ಒಂದು ಮಾತು. ಸೋರುತ್ತಿರುವುದು ಡಿಸ್ಕ್ ಇರುವ ಕಡೆ ಅಂದಿರಿ. ಆ ಆಯಿಲ್ ಕೆಳಗೆ ಇಳಿದು ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಮೇಲೆ, ಅಲ್ಲಿಂದ ಅದರೊಳಗಿನ ಪ್ಯಾಡಿಗೆ ಹೋದರೆ ಮುಂದಿನ ಬ್ರೇಕ್ ಹಿಡಿಯುವುದಿಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಗಾಡಿಯ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಗಾಡಿ ನಿಲ್ಲಿಸುವುದೇ ಮುಂದಿನ ಬ್ರೇಕು. ಇವತ್ತೇ ಪ್ಯಾಡ್ ತೆಗೆದು ನೋಡಿ. ಎಣ್ಣೆ ಕುಡಿದಿದ್ದರೆ ಅದನ್ನು ಉಜ್ಜಿ ಸುಟ್ಟು ಮತ್ತೆ ಹಾಕಬೇಡಿ, ಹೊಸದು ತನ್ನಿ. ಡಿಸ್ಕನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಿ. ಅಲ್ಲಿಯವರೆಗೆ ಹೆದ್ದಾರಿಗೆ ಹೋಗಬೇಡಿ.

ಇನ್ನು ಸೀಲಿನ ವಿಷಯ. ಎರಡು ಸಲ ಹೊಸ ಸೀಲ್ ಹಾಕಿದರೂ ಸೋರಿತು ಅಂದರೆ ನನ್ನ ಅನುಭವದಲ್ಲಿ ತಪ್ಪು ಸೀಲಿನದ್ದಲ್ಲ, ರಾಡಿನದ್ದು. ಸೀಲ್ ಅಂದರೆ ಏನು? ರಬ್ಬರಿನ ತೆಳು ತುಟಿ, ಅದರ ಹಿಂದೆ ಕೂದಲಿನಷ್ಟು ಸಣ್ಣ ಸ್ಪ್ರಿಂಗಿನ ಬಳೆ. ಆ ತುಟಿ ಕ್ರೋಮ್ ರಾಡನ್ನು ಅಪ್ಪಿ ಹಿಡಿದಿರುತ್ತದೆ. ರಾಡ್ ಕನ್ನಡಿಯಂತೆ ನಯವಾಗಿದ್ದರೆ ಅದು ವರ್ಷಗಟ್ಟಲೆ ಬಾಳುತ್ತದೆ. ರಾಡಿನ ಮೇಲೆ ಒಂದೇ ಒಂದು ತುಕ್ಕಿನ ಗುಳಿ ಇದ್ದರೂ ಪ್ರತಿ ಸಲ ಫೋರ್ಕ್ ಇಳಿದು ಏರುವಾಗ ಆ ಗುಳಿಯ ಅಂಚು ತುಟಿಯನ್ನು ಕೆರೆಯುತ್ತದೆ. ದಿನಕ್ಕೆ ಎಷ್ಟು ಸಾವಿರ ಸಲ ಕೆರೆಯುತ್ತದೆ ಅಂತ ನೀವೇ ಲೆಕ್ಕ ಹಾಕಿ. ಮೂರು ವಾರ ತಡೆದಿದ್ದೇ ಹೆಚ್ಚು.

ಹೊಸ ಸೀಲ್ ಕೊಳ್ಳುವ ಮೊದಲು ಇದನ್ನು ಮಾಡಿ. ಆಯಿಲ್ ಸೀಲಿನ ಮೇಲಿರುವ, ಧೂಳು ತಡೆಯುವ ಡಸ್ಟ್ ಸೀಲನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎಬ್ಬಿಸಿ ಮೇಲಕ್ಕೆ ಸರಿಸಿ. ರಾಡನ್ನು ಬಟ್ಟೆಯಿಂದ ಒರೆಸಿ. ಹೆಬ್ಬೆರಳಿನ ಉಗುರನ್ನು ಮೇಲಿಂದ ಕೆಳಗೆ ಎಳೆಯಿರಿ, ಸುತ್ತಲೂ, ಮುಂಭಾಗ ಮತ್ತು ಹಿಂಭಾಗ. ಉಗುರು ತಡೆದ ಕಡೆ ಗುಳಿ ಇದೆ. ಉಗುರಿಗೆ ಸಿಗದಿದ್ದರೆ ಹತ್ತಿ ಸವರಿ. ಎಳೆ ಸಿಕ್ಕಿಕೊಂಡರೆ ಅಲ್ಲೂ ಗುಳಿ.

ಸುರಪುರ_ಗದ್ದೆ

ಇದಕ್ಕೆ ಒಂದು ಸೇರಿಸುತ್ತೇನೆ. ಕೆಲವು ಸಲ ಸೀಲ್ ಚೆನ್ನಾಗೇ ಇರುತ್ತದೆ, ತುಟಿಯ ಕೆಳಗೆ ಮರಳಿನ ಕಣ ಕೂತು ಎತ್ತಿ ಹಿಡಿದಿರುತ್ತದೆ. ಹಳೇ ಎಕ್ಸ್‌ರೇ ಫಿಲಂ ಕತ್ತರಿಸಿ, ತುದಿಯನ್ನು ಸಣ್ಣ ಕೊಕ್ಕೆಯಂತೆ ಮಾಡಿ, ರಾಡಿಗೂ ಸೀಲಿಗೂ ನಡುವೆ ತೂರಿಸಿ ಒಂದು ಸುತ್ತು ಎಳೆಯಿರಿ. ಕಸ ಹೊರಗೆ ಬರುತ್ತದೆ. ನಮ್ಮ ಕಡೆ ನಾರಾಯಣಪುರ ಕಾಲುವೆ ನೀರು ಬಂದಾಗಿನಿಂದ ಭತ್ತ ಜಾಸ್ತಿ. ನಾಟಿಯ ಹೊತ್ತಿಗೆ ಟ್ರ್ಯಾಕ್ಟರಿನ ಕಬ್ಬಿಣದ ಚಕ್ರಗಳು ಗದ್ದೆಯ ಕೆಸರನ್ನೆಲ್ಲ ಡಾಂಬರಿಗೆ ತಂದು ಹಾಕುತ್ತವೆ. ಆ ಎರಡು ತಿಂಗಳಲ್ಲಿ ನಾನು ಫಿಲಂ ಎರಡು ಮೂರು ಸಲ ಎಳೆದಿದ್ದೇನೆ, ಸೀಲ್ ಬದಲಾಯಿಸಿಲ್ಲ.

ಗಟ್ಟಿ ಪ್ಲಾಸ್ಟಿಕ್ ಅಥವಾ ತಗಡು ತೂರಿಸಬೇಡಿ. ತುಟಿ ಹರಿಯುತ್ತದೆ.

ಎರೆಮಣ್ಣು_150

ಈಗಷ್ಟೇ ನೋಡಿದೆ. ಸಿಕ್ಕಿತು.

ಮೊದಲು ಪ್ಯಾಡ್: ಒಂದರ ಅಂಚಿನಲ್ಲಿ ಎಣ್ಣೆ ಇಳಿದಿದೆ. ಗಾಡಿ ನಿಲ್ಲಿಸಿದ್ದೇನೆ, ಹೊಸ ಪ್ಯಾಡ್ ತಂದಾಯಿತು. ಸಮಯಕ್ಕೆ ಹೇಳಿದ್ದಕ್ಕೆ ನಿಜವಾಗಿಯೂ ಥ್ಯಾಂಕ್ಸ್.

ಡಸ್ಟ್ ಸೀಲ್ ಎಬ್ಬಿಸಿದರೆ ಒಳಗೆ ಎರೆಮಣ್ಣು ಒಣಗಿ ಬಳೆಯಂತೆ ಕೂತಿತ್ತು. ಮುರಿದು ತೆಗೆದೆ, ಎರಡು ತುಂಡಾಗಿ ಬಂತು. ಒಳಮುಖದಲ್ಲಿ ರಾಡಿನ ಗುರುತು ಅಚ್ಚು ಹೊಡೆದಂತೆ ಮೂಡಿತ್ತು. ಡಸ್ಟ್ ಸೀಲ್ ಹಿಂಭಾಗದಲ್ಲಿ ಸೀಳಿದೆ. ಎರಡು ಅಂಗಡಿಯವರೂ ಒಳಗಿನ ಆಯಿಲ್ ಸೀಲ್ ಹೊಸದು ಹಾಕಿ, ಈ ಹಳೇ ಡಸ್ಟ್ ಸೀಲನ್ನೇ ಮತ್ತೆ ಕೂರಿಸಿದ್ದಾರೆ.

ಉಗುರು ಎಳೆದೆ. ಮುಂಭಾಗದಲ್ಲಿ ಏನೂ ಇಲ್ಲ. ಹಿಂಭಾಗದಲ್ಲಿ, ಎಂಜಿನ್ ಕಡೆ ಮುಖ ಮಾಡಿದ ಜಾಗದಲ್ಲಿ, ಸೀಲಿನಿಂದ ಎರಡು ಬೆರಳು ಮೇಲೆ ಉಗುರು ಟಕ್ ಅಂತ ನಿಂತಿತು. ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಸಾಸಿವೆ ಕಾಳಿಗಿಂತ ಚಿಕ್ಕ ಗುಳಿ, ಕಂದು ಬಣ್ಣ. ಅದರ ಪಕ್ಕದಲ್ಲೇ ಇನ್ನೂ ಎರಡು, ಸೂಜಿ ಚುಚ್ಚಿದಷ್ಟು. ಹೋದ ಮಳೆಗಾಲದಲ್ಲಿ ಹೊಲದಿಂದ ಬಂದ ಗಾಡಿಯನ್ನು ತೊಳೆಯದೆ ತಿಂಗಳುಗಟ್ಟಲೆ ನಿಲ್ಲಿಸಿದ್ದೆ. ಒದ್ದೆ ಎರೆಮಣ್ಣು ಅಲ್ಲೇ ಹಿಡಿದುಕೊಂಡು ಕ್ರೋಮ್ ತಿಂದಿದೆ ಅನ್ನಿಸುತ್ತದೆ.

ಇದನ್ನು ಉಜ್ಜಿದರೆ ಹೋಗುತ್ತದಾ, ಅಥವಾ ರಾಡೇ ಬದಲಾಯಿಸಬೇಕಾ?

ಲೇತ್_ಶಹಾಬಾದ್

ಗುಳಿ ಉಜ್ಜಿದರೆ ಹೋಗುವುದಿಲ್ಲ. ಗುಳಿ ಅಂದರೆ ಅಲ್ಲಿ ಕ್ರೋಮ್ ಇಲ್ಲ. ಉಜ್ಜಿದರೆ ಸುತ್ತ ಇರುವ ಕ್ರೋಮ್ ಕೂಡ ತೆಳುವಾಗುತ್ತದೆ. ಆದರೆ ಗುಳಿಯ ಚೂಪು ಅಂಚನ್ನು ತೆಗೆಯಬಹುದು. 1500 ನಂಬರಿನ ನೀರು ಕಾಗದ (ನಯವಾದ ಸ್ಯಾಂಡ್ ಪೇಪರ್) ತೆಗೆದುಕೊಂಡು, ಎಣ್ಣೆ ಹಚ್ಚಿ, ರಾಡಿನ ಸುತ್ತ ಅಡ್ಡಡ್ಡ ಉಜ್ಜಬೇಕು. ಉದ್ದುದ್ದ ಉಜ್ಜಬಾರದು. ಉದ್ದಕ್ಕೆ ಬಿದ್ದ ಗೀರು ಆಯಿಲಿಗೆ ಕಾಲುವೆ ತೋಡಿದಂತೆ. ಆಮೇಲೆ ಗುಳಿಯನ್ನು ಚೆನ್ನಾಗಿ ಒರೆಸಿ, ಎರಡು ಟ್ಯೂಬಿನ ಎಪಾಕ್ಸಿ ಅಂಟು ತುಂಬಿ, ಒಣಗಿದ ಮೇಲೆ ಮಟ್ಟ ಮಾಡಿದರೆ ಕೆಲವು ತಿಂಗಳು ನಡೆಯುತ್ತದೆ. ನಾನು ಇದನ್ನು ತಾತ್ಕಾಲಿಕ ಅಂತಲೇ ಹೇಳುತ್ತೇನೆ.

ಗುಳಿ ಎಲ್ಲಿದೆ ಅನ್ನುವುದೂ ಮುಖ್ಯ. ಹೆಡ್‌ಲೈಟ್ ಹತ್ತಿರ, ಸೀಲ್ ಯಾವತ್ತೂ ಮುಟ್ಟದ ಜಾಗದಲ್ಲಿ ಇದ್ದರೆ ಬಿಟ್ಟುಬಿಡಿ. ಸೀಲಿನಿಂದ ಎರಡು ಬೆರಳು ಮೇಲೆ ಅಂದರೆ ಪ್ರತಿ ಗುಂಡಿಗೂ ಸೀಲ್ ಅದರ ಮೇಲೆ ಹಾದು ಹೋಗುತ್ತದೆ. ದಿನಾ ಹೆದ್ದಾರಿಯಲ್ಲಿ ಓಡಿಸುವ ಗಾಡಿ ನಿಮ್ಮದು. ಹೊಸ ರಾಡ್ ಹಾಕಿ. ಸಣ್ಣ ಗಾಡಿಗಳ ರಾಡ್ ಅಂಥ ದುಬಾರಿ ಅಲ್ಲ. ಹಳೇ ಗಾಡಿಗೆ ರಾಡ್ ಸಿಗದಿದ್ದಾಗ ಮಾತ್ರ ಹಾರ್ಡ್ ಕ್ರೋಮ್ ಮಾಡಿಸಿ. ಅದಕ್ಕೆ ನಮ್ಮ ಕಡೆಯವರು ಸೋಲಾಪುರ ಇಲ್ಲವೇ ಹೈದರಾಬಾದಿಗೆ ಕಳಿಸುತ್ತಾರೆ. ಕ್ರೋಮ್ ಏರಿಸಿದ ಮೇಲೆ ಗ್ರೈಂಡ್ ಮಾಡಿ ಸರಿಯಾದ ಅಳತೆಗೆ ತರಬೇಕು. ಹೊಳಪಿಗಾಗಿ ಬಂಪರಿಗೆ ಮಾಡುವ ಕ್ರೋಮ್ ಇದಕ್ಕೆ ಆಗುವುದಿಲ್ಲ.

ರಾಡ್ ಬಿಚ್ಚಿದಾಗ ಬಾಗಿದೆಯಾ ಅಂತಲೂ ನೋಡಿ. ನಮ್ಮೂರಿನ ಪಾಲಿಶ್ ಮಾಡಿದ ಕಲ್ಲಿನ ಮೇಲೆ ಉರುಳಿಸಿ ನೋಡುವವರು ಇದ್ದಾರೆ. ದೊಡ್ಡ ಬಾಗು ಅದರಲ್ಲೂ ಗೊತ್ತಾಗುತ್ತದೆ. ದಪ್ಪ ಗಾಜಿನ ಮೇಲೆ ಉರುಳಿಸಿದರೆ ಇನ್ನೂ ಚೆನ್ನ. ಬೆಳಕಿಗೆ ಎದುರಾಗಿ ಕೂತು, ರಾಡಿಗೂ ಗಾಜಿಗೂ ನಡುವೆ ಬೆಳಕಿನ ಗೆರೆ ದಪ್ಪ ತೆಳು ಆಗುತ್ತದಾ ನೋಡಿ. ಅನುಮಾನ ಬಂದರೆ ಯಾವುದಾದರೂ ಲೇತಿನವರ ಹತ್ತಿರ ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜ್ ಹಚ್ಚಿಸಿ, ಐದು ನಿಮಿಷದ ಕೆಲಸ. ಬಾಗಿದ ರಾಡಿಗೆ ಎಂಥ ಸೀಲ್ ಹಾಕಿದರೂ ಒಂದು ಪಕ್ಕ ತಿನ್ನುತ್ತದೆ.

ಎರೆಮಣ್ಣು_150

ರಾಡ್ ಆರ್ಡರ್ ಕೊಟ್ಟೆ. ಎರಡೂ ಕಡೆಗೆ ಆಯಿಲ್ ಸೀಲ್, ಡಸ್ಟ್ ಸೀಲ್, ಕೆಳಗಿನ ತಾಮ್ರದ ವಾಷರ್ ಕೂಡ. ಬರಲು ಒಂದು ವಾರ ಬೇಕಂತೆ. ಅಷ್ಟರಲ್ಲಿ ಬಿಚ್ಚುವ ಕ್ರಮ ಹೇಳುತ್ತೀರಾ? ವಿಡಿಯೋಗಳಲ್ಲಿ ಎಲ್ಲರ ಹತ್ತಿರವೂ ಲಿಫ್ಟು, ಗಾಳಿ ಗನ್ನು ಇರುತ್ತವೆ. ನನ್ನ ಹತ್ತಿರ ಇರುವುದು ಮನೆಯ ಮುಂದಿನ ಕಟ್ಟೆ, ಬೇವಿನ ಮರ.

ಮಿಸ್ತ್ರಿ_ಹುಮನಾಬಾದ್

ಬೇವಿನ ಮರ ಸಾಕು. ಗಟ್ಟಿ ಕೊಂಬೆ ಇದ್ದರೆ ಹಗ್ಗ ಹಾಕಿ ಫ್ರೇಮಿನ ಮುಂಭಾಗ ಎತ್ತಿ ಕಟ್ಟಿ. ಹ್ಯಾಂಡಲಿಗೆ ಕಟ್ಟಬೇಡಿ. ಜೊತೆಗೆ ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಮರದ ದಿಮ್ಮಿ ಕೊಡಿ. ಇಟ್ಟಿಗೆ ಬೇಡ, ಒಡೆಯುತ್ತದೆ. ಗಾಡಿಯನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಮಿಸುಕಬಾರದು.

ಎಲ್ಲಕ್ಕಿಂತ ಮುಖ್ಯ: ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಬೇಕಾದ್ದನ್ನೆಲ್ಲ ಸಡಿಲ ಮಾಡಿಕೊಳ್ಳಿ. ಆಕ್ಸಲ್ ನಟ್ ಮೊದಲು. ಆಮೇಲೆ ಮೇಲಿನ ಟಿ ಪ್ಲೇಟಿನಲ್ಲಿ ರಾಡನ್ನು ಹಿಡಿದಿರುವ ಬೋಲ್ಟ್ ಸಡಿಲಿಸಿ, ಫೋರ್ಕಿನ ತಲೆಯ ಕ್ಯಾಪನ್ನು ಕಾಲು ಸುತ್ತು ಮಾತ್ರ ತಿರುಗಿಸಿ ಬಿಡಿ. ಮೇಲಿನ ಬೋಲ್ಟ್ ಬಿಗಿಯಾಗಿದ್ದಾಗ ಕ್ಯಾಪ್ ತಿರುಗಿಸಲು ಹೋದರೆ ಥ್ರೆಡ್ ಹಾಳಾಗುತ್ತದೆ, ಫೋರ್ಕನ್ನು ಹೊರಗೆ ತೆಗೆದ ಮೇಲೆ ಹೋದರೆ ಹಿಡಿಯಲು ಜಾಗವೇ ಇರುವುದಿಲ್ಲ. ಫೋರ್ಕಿನ ತಳದಲ್ಲಿರುವ ಎಲನ್ ಬೋಲ್ಟಿಗೂ ಇದೇ ಮಾತು, ಒಳಗಿನ ಡ್ಯಾಂಪರ್ ರಾಡನ್ನು ಹಿಡಿದಿರುವುದು ಅದೇ. ಆಕ್ಸಲ್ ಅಡ್ಡ ಬರದಿದ್ದರೆ ಈಗಲೇ ಸ್ವಲ್ಪ ಕದಲಿಸಿ. ಒಳಗೆ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ, ಅದಕ್ಕೇ ಬಿಡುತ್ತದೆ. ಎರಡು ಹನಿ ಎಣ್ಣೆ ಇಳಿದರೆ ಗಾಬರಿ ಬೇಡ.

ಮೇಲಿನ ಪ್ಲೇಟಿನಿಂದ ರಾಡಿನ ತುದಿ ಎಷ್ಟು ಹೊರಗೆ ಬಂದಿದೆ ಅಂತ ಸ್ಕೇಲ್ ಹಿಡಿದು ಅಳೆದು, ಫೋಟೋ ತೆಗೆದಿಡಿ. ವಾಪಸ್ ಹಾಕುವಾಗ ಎರಡೂ ಕಡೆ ಅಷ್ಟೇ ಇರಬೇಕು.

ಇನ್ನು ಚಕ್ರ. ಕ್ಯಾಲಿಪರ್ ತೆಗೆದು ಹಗ್ಗದಿಂದ ಹ್ಯಾಂಡಲಿಗೆ ಕಟ್ಟಿ, ಬ್ರೇಕ್ ಪೈಪಿನ ಮೇಲೆ ಜೋತು ಬಿಡಬೇಡಿ. ಎರಡು ಪ್ಯಾಡ್ ನಡುವೆ ಮರದ ಚೂರು ಇಡಿ. ಚಕ್ರ ಇಲ್ಲದಾಗ ಮಕ್ಕಳು ಯಾರಾದರೂ ಬಂದು ಬ್ರೇಕ್ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ, ಆಮೇಲೆ ಆ ಕೆಲಸ ಬೇರೆ. ಮಡ್‌ಗಾರ್ಡ್ ಬಿಚ್ಚಿ. ಆಮೇಲೆ ಕೆಳಗಿನ ಟಿ ಬೋಲ್ಟ್ ಸಡಿಲಿಸಿ, ಫೋರ್ಕನ್ನು ಆಚೆ ಈಚೆ ತಿರುವುತ್ತಾ ಕೆಳಗೆ ಎಳೆಯಿರಿ. ಸುತ್ತಿಗೆ ಬೇಡ.

ಹೊರಗೆ ಬಂದ ಮೇಲೆ ಕ್ಯಾಪ್ ಪೂರ್ತಿ ಬಿಚ್ಚುವಾಗ ಅಂಗೈಯಿಂದ ಒತ್ತಿ ಹಿಡಿಯಿರಿ. ಮುಖ ಪಕ್ಕಕ್ಕೆ ಇರಲಿ. ಕೊನೆಯ ಥ್ರೆಡ್ ಬಿಟ್ಟಾಗ ಸ್ಪ್ರಿಂಗ್ ಚಿಮ್ಮುತ್ತದೆ. ಸ್ಪ್ರಿಂಗಿನ ಒತ್ತಾದ ಸುತ್ತು ಮೇಲಿತ್ತಾ ಕೆಳಗಿತ್ತಾ ನೋಡಿಕೊಳ್ಳಿ, ಅದೂ ಫೋಟೋ.

ಆರ್‌ಎಕ್ಸ್_ಬೀದರ್

ಇಷ್ಟೆಲ್ಲ ಓದಿದ ಮೇಲೂ ನನಗೆ ಒಂದು ಅನುಮಾನ. ನಾನು 1990ರ ಆರ್‌ಎಕ್ಸ್ 100 ಇಟ್ಟುಕೊಂಡಿದ್ದೇನೆ. ಆ ಕಾಲದಲ್ಲಿ ಬೀದರಿನಲ್ಲಿ ಫೋರ್ಕ್ ಆಯಿಲ್ ಅಂತ ಬೇರೆ ಕೇಳಿದವರೇ ಕಡಿಮೆ. 20ಡಬ್ಲ್ಯೂ-40 ಎಂಜಿನ್ ಆಯಿಲನ್ನೇ ಹಾಕುತ್ತಿದ್ದರು. ಗಾಡಿ ಓಡುತ್ತಿತ್ತು. ಈಗ ಯಾಕೆ ಅದು ತಪ್ಪು?

ಮಿಸ್ತ್ರಿ_ಹುಮನಾಬಾದ್

ಓಡುತ್ತಿತ್ತು, ಸರಿ. ನಾನೂ ಕಲಿಯುವಾಗ ಅದನ್ನೇ ಹಾಕಿದ್ದೇನೆ. ಆದರೆ ಎಷ್ಟು ಗಟ್ಟಿ ನೋಡಿ. 10ಡಬ್ಲ್ಯೂ ಫೋರ್ಕ್ ಆಯಿಲ್ 40 ಡಿಗ್ರಿ ಬಿಸಿಯಲ್ಲಿ ಸುಮಾರು 30ರಿಂದ 45 ಸೆಂಟಿಸ್ಟೋಕ್ಸ್ (ಆಯಿಲ್ ಎಷ್ಟು ಗಟ್ಟಿ ಅನ್ನುವ ಅಳತೆ) ಇರುತ್ತದೆ. 20ಡಬ್ಲ್ಯೂ-40 ಅದೇ ಬಿಸಿಯಲ್ಲಿ 100 ದಾಟುತ್ತದೆ. 40 ಡಿಗ್ರಿ ಅಂದರೆ ನಮ್ಮ ಕಲಬುರಗಿಯ ಏಪ್ರಿಲ್ ಮಧ್ಯಾಹ್ನವೇ ಅಲ್ವಾ? ಡ್ಯಾಂಪರ್ ರಾಡಿನ ಸಣ್ಣ ತೂತುಗಳಿಂದ ಆಯಿಲ್ ಹಾದು ಹೋಗಲೇಬೇಕು, ಅದೇ ಡ್ಯಾಂಪಿಂಗ್. ಅಷ್ಟು ಗಟ್ಟಿ ಆಯಿಲ್ ಬೇಗ ಹಾದು ಹೋಗುವುದಿಲ್ಲ. ಒಂದು ಗುಂಡಿಗೆ ಇಳಿದ ಫೋರ್ಕ್ ಮೇಲೆ ಬರುವ ಮೊದಲೇ ಮುಂದಿನ ಗುಂಡಿ ಬರುತ್ತದೆ. ನಾಲ್ಕು ಗುಂಡಿ ಸಾಲಾಗಿ ಬಂದರೆ ಫೋರ್ಕ್ ಕೆಳಗೇ ಕೂತಿರುತ್ತದೆ, ಹೊಡೆತವೆಲ್ಲ ಕೈಗೆ. ಚಳಿಗಾಲದ ಬೆಳಿಗ್ಗೆ ಬೀದರಿನಲ್ಲಿ ಇನ್ನೂ ಕೆಟ್ಟದು.

ಇನ್ನೊಂದು ವಿಷಯ: ಡಬ್ಬಿಯ ಮೇಲಿನ 10ಡಬ್ಲ್ಯೂ ಎಲ್ಲ ಕಂಪನಿಯದೂ ಒಂದೇ ಅಲ್ಲ. ಒಬ್ಬರ 10 ಇನ್ನೊಬ್ಬರ 7.5ಕ್ಕೆ ಹತ್ತಿರ ಇರಬಹುದು. ಅದಕ್ಕೇ ಎರಡೂ ಫೋರ್ಕಿಗೆ ಒಂದೇ ಡಬ್ಬಿಯ ಆಯಿಲ್. ಒಂದೇ ಕಡೆ ಸೋರಿದರೂ ಎರಡೂ ಕಡೆ ಬದಲಾಯಿಸಿ.

ಆರ್‌ಎಕ್ಸ್_ಬೀದರ್

ಒಪ್ಪಿದೆ. ಗುಂಡಿ ಸಾಲಿನಲ್ಲಿ ಫೋರ್ಕ್ ಕೆಳಗೇ ಕೂರುವುದು ನನ್ನ ಗಾಡಿಯಲ್ಲಿ ನಿಜವಾಗಿಯೂ ಆಗುತ್ತಿತ್ತು, ನಾನು ಸ್ಪ್ರಿಂಗ್ ಸೋತಿದೆ ಅಂದುಕೊಂಡಿದ್ದೆ. ಮುಂದಿನ ಸಲ ಬಿಚ್ಚಿದಾಗ ಸರಿಯಾದ ಆಯಿಲ್ ಹಾಕುತ್ತೇನೆ.

ಎರೆಮಣ್ಣು_150

ಭಾನುವಾರ ಮುಗಿಸಿದೆ. ವಿವರವಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಬಿಸಿಲು ಏರುವ ಮೊದಲು ಆರು ಗಂಟೆಗೆ ಶುರು ಮಾಡಿದೆ. ಫೋರ್ಕ್ ಹೊರಗೆ ಬರುವವರೆಗೆ ಎಲ್ಲ ನೀವು ಹೇಳಿದ ಹಾಗೇ ಆಯಿತು, ಒಂದು ಗಂಟೆ ಹಿಡಿಯಿತು. ಡಿಸ್ಕ್ ಕಡೆಯ ಫೋರ್ಕನ್ನು ತಲೆಕೆಳಗೆ ಮಾಡಿದಾಗ ಬಂದ ಆಯಿಲ್ ಬೂದಿ ಕಲಸಿದ ನೀರಿನಂತೆ ಇತ್ತು. ಮೀನು ಕೊಳೆತ ವಾಸನೆ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಬೆಳ್ಳಿಯಂತೆ ಮಿನುಗುತ್ತಿತ್ತು, ಅಲ್ಯೂಮಿನಿಯಂ ಸವೆದ ಪುಡಿ ಇರಬೇಕು. ಅಂಗಡಿಯಲ್ಲಿ ಎರಡು ಸಲ ಬಿಚ್ಚಿದ ಫೋರ್ಕ್ ಇದು! ಹಳೇ ಆಯಿಲನ್ನೇ ಮತ್ತೆ ಸುರಿದಿದ್ದಾರೆ ಅಂತ ಆಗ ಗೊತ್ತಾಯಿತು.

ಕಷ್ಟ ಬಂದಿದ್ದು ಕೆಳಗಿನ ಎಲನ್ ಬೋಲ್ಟಿನಲ್ಲಿ. ನನ್ನ ಗಾಡಿಯಲ್ಲಿ ಆಕ್ಸಲ್ ಅಡ್ಡ ಇತ್ತು, ಮೊದಲೇ ಕದಲಿಸಲು ಆಗಲಿಲ್ಲ. ಹೊರಗೆ ತೆಗೆದ ಮೇಲೆ ಬೋಲ್ಟ್ ತಿರುಗಿಸಿದರೆ ಒಳಗಿನ ಡ್ಯಾಂಪರ್ ರಾಡೂ ಜೊತೆಗೇ ತಿರುಗುತ್ತಿತ್ತು. ಸ್ಪ್ರಿಂಗ್ ವಾಪಸ್ ಹಾಕಿ ಒತ್ತಿ ನೋಡಿದೆ, ಆಗಲಿಲ್ಲ. ಕೊನೆಗೆ ಕಸಬರಿಗೆಯ ಮರದ ಕೋಲಿನ ತುದಿಯನ್ನು ಚಾಕುವಿನಿಂದ ಪೆನ್ಸಿಲಿನಂತೆ ಕೆತ್ತಿ, ಮೇಲಿನಿಂದ ಇಳಿಬಿಟ್ಟೆ. ಕೋಲಿನ ತಲೆಗೆ ಒಂದು ಸಲ ಮೆಲ್ಲಗೆ ತಟ್ಟಿದಾಗ ಅದು ಡ್ಯಾಂಪರ್ ರಾಡಿನ ಬಾಯಿಗೆ ಕಚ್ಚಿಕೊಂಡಿತು. ತಮ್ಮ ಕೋಲು ಹಿಡಿದ, ನಾನು ಎಲನ್ ಕೀ ತಿರುಗಿಸಿದೆ. ಕಿರ್ ಅಂತ ಒಂದು ಸದ್ದು, ಬಿಟ್ಟಿತು. ಅರ್ಧ ಗಂಟೆ ಒದ್ದಾಡಿದ್ದು ಕೋಲಿನಿಂದ ಎರಡು ನಿಮಿಷದಲ್ಲಿ ಆಯಿತು.

ಸೀಲ್ ತೆಗೆಯುವ ಮೊದಲು ಅದರ ಮೇಲೆ ಒಂದು ತಂತಿಯ ಕ್ಲಿಪ್ ಇರುತ್ತದೆ. ನನ್ನದು ತುಕ್ಕು ಹಿಡಿದು ಮಣ್ಣಿನ ಬಣ್ಣವೇ ಆಗಿತ್ತು, ಮೊದಲು ಕಾಣಲೇ ಇಲ್ಲ. ಬಿಸಿನೀರು ಸುರಿದು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ ಮೇಲೆ ಕಂಡಿತು. ಅದನ್ನು ತೆಗೆಯದೆ ಸೀಲ್ ಎಬ್ಬಿಸಲು ಹೋಗಿದ್ದರೆ ಬಾಟಂ ಕೇಸಿನ ಬಾಯಿ ಒಡೆಯುತ್ತಿತ್ತು.

ಇನ್ನೊಂದು. ಡ್ಯಾಂಪರ್ ರಾಡಿನ ತುದಿಗೆ ಸಣ್ಣ ಬಟ್ಟಲಿನಂಥ ಅಲ್ಯೂಮಿನಿಯಂ ಚೂರು ಇರುತ್ತದೆ. ಡ್ಯಾಂಪರ್ ಹೊರಗೆ ಬಂತು, ಅದು ಬರಲಿಲ್ಲ. ಹಳೇ ಆಯಿಲಿನ ಬೋಗುಣಿಯಲ್ಲಿ ಕೈಯಾಡಿಸಿದೆ, ಇಲ್ಲ. ಬಾಟಂ ಕೇಸಿನ ತಳದಲ್ಲಿ ಅಂಟಿ ಕೂತಿತ್ತು. ಕೇಸನ್ನು ಮರದ ಹಲಗೆಗೆ ಕುಟ್ಟಿದಾಗ ಉದುರಿತು. ಜೋಡಿಸುವಾಗ ಇದನ್ನು ಡ್ಯಾಂಪರ್ ತುದಿಗೆ ಮೊದಲೇ ಹಾಕಿ, ಆಮೇಲೆ ಬಾಟಂ ಕೇಸಿಗೆ ಇಳಿಸಬೇಕು. ಮರೆತರೆ ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ.

ಹಳೇ ರಾಡನ್ನು ಗಾಜಿನ ಮೇಲೆ ಉರುಳಿಸಿದೆ. ನೆಟ್ಟಗಿದೆ, ಗುಳಿ ಮಾತ್ರ. ಇನ್ನೊಂದು ಕಡೆಯ ರಾಡಿನಲ್ಲಿ ಉಗುರಿಗೆ ಏನೂ ಸಿಗಲಿಲ್ಲ, ಅದನ್ನೇ ಉಳಿಸಿಕೊಂಡೆ.

ಹೊಸ ಸೀಲ್ ಹಾಕುವಾಗ ರಾಡಿನ ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಫೋರ್ಕ್ ಆಯಿಲ್ ಸವರಿ, ಅದರ ಮೇಲಿಂದ ಇಳಿಸಿದೆ. ತುದಿಯ ಅಂಚು ತುಟಿಗೆ ತಾಗಬಾರದು. ಅಕ್ಷರ ಇರುವ ಮುಖ ಮೇಲೆ, ಸಣ್ಣ ಸ್ಪ್ರಿಂಗ್ ಕಾಣುವ ಮುಖ ಕೆಳಗೆ, ಆಯಿಲ್ ಕಡೆಗೆ. ಕೂರಿಸಲು ರಾಡಿನ ಮೇಲೆ ಸಲೀಸಾಗಿ ಜಾರುವ ಪಿವಿಸಿ ಪೈಪಿನ ತುಂಡು ತಂದಿದ್ದೆ. ಹಳೇ ಸೀಲನ್ನು ಹೊಸದರ ಮೇಲಿಟ್ಟು ಪೈಪಿನಿಂದ ಹೊಡೆದೆ. ಮೊದಲು ಡಬ್ ಡಬ್ ಅಂತ ಮೆತ್ತಗಿನ ಸದ್ದು ಬರುತ್ತದೆ. ಸೀಲ್ ತಳ ಮುಟ್ಟಿದಾಗ ಸದ್ದು ಟಣ್ ಅಂತ ಗಟ್ಟಿಯಾಗುತ್ತದೆ, ಕ್ಲಿಪ್ ಕೂರುವ ತೋಡು ಪೂರ್ತಿ ಕಾಣುತ್ತದೆ. ತೋಡು ಅರ್ಧ ಮಾತ್ರ ಕಂಡರೆ ಇನ್ನೂ ಹೊಡೆಯಬೇಕು.

ಆಯಿಲ್ ಎಷ್ಟು ಹಾಕಬೇಕು ಅನ್ನುವಲ್ಲಿ ಸ್ವಲ್ಪ ಗೊಂದಲ ಆಯಿತು. ಮ್ಯಾನ್ಯುಯಲ್ಲಿನಲ್ಲಿರುವ ಅಳತೆಯನ್ನು ಮೆಡಿಕಲ್ ಅಂಗಡಿಯ 50 ಮಿಲಿಯ ಸಿರಿಂಜಿನಿಂದ ಹಾಕಿದೆ. ಎರಡೂ ಕಡೆ ಒಂದೇ ಅಳತೆ ಹಾಕಿದರೂ ಸ್ಕೇಲ್ ಬಿಟ್ಟು ನೋಡಿದರೆ ಮಟ್ಟದಲ್ಲಿ ಎಂಟು ಮಿಲಿಮೀಟರ್ ವ್ಯತ್ಯಾಸ. ಯಾವುದನ್ನು ನಂಬಬೇಕು?

ಮಿಸ್ತ್ರಿ_ಹುಮನಾಬಾದ್

ಮಟ್ಟವನ್ನು ನಂಬಿ. ಒಂದು ಫೋರ್ಕಿನ ಒಳಗೆ ಹಳೇ ಆಯಿಲ್ ಸ್ವಲ್ಪ ಉಳಿದಿರುತ್ತದೆ, ಅಥವಾ ಒಂದರಲ್ಲಿ ಇನ್ನೂ ಗಾಳಿ ಇದೆ. ಸ್ಪ್ರಿಂಗ್ ಇಲ್ಲದೆ ಹತ್ತು ಹದಿನೈದು ಸಲ ನಿಧಾನವಾಗಿ ಮೇಲೆ ಕೆಳಗೆ ಎಳೆಯಿರಿ. ಮೊದಲು ಲೊಚಲೊಚ ಸದ್ದು ಬರುತ್ತದೆ, ಗಾಳಿ ಹೋದ ಮೇಲೆ ಎಳೆತ ಒಂದೇ ಸಮ ಆಗುತ್ತದೆ. ಐದು ನಿಮಿಷ ನೆಟ್ಟಗೆ ನಿಲ್ಲಿಸಿ. ಆಮೇಲೆ ಫೋರ್ಕನ್ನು ಪೂರ್ತಿ ಒತ್ತಿ, ಸ್ಪ್ರಿಂಗ್ ಇಲ್ಲದೆ, ರಾಡಿನ ಬಾಯಿಯಿಂದ ಆಯಿಲಿನವರೆಗೆ ಅಳೆಯಿರಿ. ಎರಡೂ ಕಡೆ ಸಮ ಮಾಡಿ.

ಜಾಸ್ತಿ ಹಾಕಿದರೆ ಒಳ್ಳೆಯದು ಅಂತ ಯಾರೂ ಅಂದುಕೊಳ್ಳಬೇಡಿ. ಆಯಿಲ್ ಮೇಲಿನ ಖಾಲಿ ಜಾಗದ ಗಾಳಿಯೂ ಒಂದು ಸ್ಪ್ರಿಂಗೇ. ಆ ಜಾಗ ಕಡಿಮೆಯಾದರೆ ಫೋರ್ಕ್ ಕೊನೆಯಲ್ಲಿ ಕಲ್ಲಿನಂತಾಗುತ್ತದೆ, ದೊಡ್ಡ ಗುಂಡಿಗೆ ಆ ಒತ್ತಡ ಸೀಲನ್ನೇ ಹೊರಗೆ ತಳ್ಳುತ್ತದೆ.

ಎರೆಮಣ್ಣು_150

ಹಾಗೇ ಮಾಡಿದೆ. ಎಳೆದ ಮೇಲೆ ಐದು ಮಿಲಿಮೀಟರ್ ತಾನೇ ಇಳಿಯಿತು, ಉಳಿದಿದ್ದನ್ನು ಸಿರಿಂಜಿನಿಂದ ಸರಿ ಮಾಡಿದೆ. ಎರಡೂ ಸಮ. ಸಂಜೆ ನಾಲ್ಕಕ್ಕೆ ಗಾಡಿ ನೆಲಕ್ಕೆ ಇಳಿಯಿತು.

ಸುರಪುರ_ಗದ್ದೆ

ಓಡಿಸುವ ಮೊದಲು ಬ್ರೇಕ್ ಲಿವರ್ ಹತ್ತಾರು ಸಲ ಒತ್ತಿದಿರಾ? ಕ್ಯಾಲಿಪರ್ ತೆಗೆದು ಹಾಕಿದಾಗ ಪ್ಯಾಡ್ ಹಿಂದೆ ಸರಿದಿರುತ್ತದೆ. ಮೊದಲ ಒತ್ತಿಗೆ ಲಿವರ್ ಹ್ಯಾಂಡಲಿಗೇ ತಾಗುತ್ತದೆ. ಮನೆ ಬಾಗಿಲಲ್ಲೇ ಅದು ಗಟ್ಟಿಯಾಗುವವರೆಗೆ ಒತ್ತಬೇಕು.

ಡ್ರಮ್ ಬ್ರೇಕ್ ಇರುವವರಿಗೂ ಒಂದು ಮಾತು, ನನಗೆ ಆದದ್ದು. ನನ್ನದು ಸ್ಪ್ಲೆಂಡರ್. ಮೊದಲ ಸಲ ಫೋರ್ಕ್ ಬಿಚ್ಚಿ ಹಾಕಿದಾಗ ಡ್ರಮ್ಮಿನ ಪ್ಲೇಟಿನಲ್ಲಿರುವ ತೋಡಿನೊಳಗೆ ಬಾಟಂ ಕೇಸಿನ ಗೂಟ ಕೂತಿದೆಯಾ ಅಂತ ನೋಡಲಿಲ್ಲ. ಆಕ್ಸಲ್ ಬಿಗಿದೆ, ಚಕ್ರ ಚೆನ್ನಾಗಿ ತಿರುಗಿತು. ಓಣಿಯಲ್ಲಿ ಮೆಲ್ಲಗೆ ಹೋಗಿ ಬ್ರೇಕ್ ಹಿಡಿದಾಗ ಪ್ಲೇಟೇ ಚಕ್ರದ ಜೊತೆ ತಿರುಗಿ, ಕೇಬಲ್ ಎಳೆದುಕೊಂಡು ಚಕ್ರ ಲಾಕ್ ಆಯಿತು. ಓಣಿ ಆದ್ದರಿಂದ ಕಾಲು ಕೊಟ್ಟು ನಿಂತೆ. ರಸ್ತೆಯಲ್ಲಿ ಆಗಿದ್ದರೆ ಏನಾಗುತ್ತಿತ್ತೋ. ಆ ಗೂಟವನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಆಮೇಲೆ ಆಕ್ಸಲ್ ಬಿಗಿಯಿರಿ.

ಎರೆಮಣ್ಣು_150

ಒತ್ತಿದೆ, ನಾಲ್ಕನೇ ಒತ್ತಿಗೆ ಗಟ್ಟಿಯಾಯಿತು. ಫೋರ್ಕನ್ನೂ ಐದಾರು ಸಲ ಜೋರಾಗಿ ಒತ್ತಿ ಬಿಟ್ಟು, ಎರಡು ಕಾಲೂ ತಮ್ಮ ಜಾಗಕ್ಕೆ ಕೂತ ಮೇಲೆ ಆಕ್ಸಲ್ ಪೂರ್ತಿ ಬಿಗಿದೆ.

ಹಿಮಾಲಯನ್_ಬಸವಕಲ್ಯಾಣ

ಬಹಳ ಉಪಯೋಗದ ಚರ್ಚೆ. ನನ್ನದು ಹಿಮಾಲಯನ್ 411. ಫೋರ್ಕ್ 41 ಮಿಲಿಮೀಟರ್ ದಪ್ಪ, 200 ಮಿಲಿಮೀಟರ್ ಇಳಿಯುತ್ತದೆ. ರಾಡಿನ ಮೇಲೆ ರಬ್ಬರಿನ ಗೇಟರ್ (ರಾಡನ್ನು ಮುಚ್ಚುವ ಮಡಿಕೆಯ ತೋಳು) ಬಂದಿರುತ್ತದೆ. ನಮ್ಮ ಕಡೆ ಎರೆಮಣ್ಣಿಗಿಂತ ಕೆಂಪು ಜಂಬಿಟ್ಟಿಗೆ ಮಣ್ಣಿನ ಕಾಟ, ಹರಳಿನಂತೆ ಗರಗರ ಇರುತ್ತದೆ. ಗೇಟರ್ ಇರುವುದರಿಂದ ಇದುವರೆಗೆ ಸೀಲಿಗೆ ತೊಂದರೆ ಆಗಿಲ್ಲ. 150 ಸಿಸಿ ಗಾಡಿಗೂ ಹಾಕಬಹುದಾ?

ಇನ್ನೊಂದು ಪ್ರಶ್ನೆ: ತಮ್ಮನ ಹತ್ತಿರ ಡ್ಯೂಕ್ ಇದೆ, ತಲೆಕೆಳಗಾದ ಫೋರ್ಕ್. ಅದನ್ನೂ ಹೀಗೇ ಬಿಚ್ಚಬಹುದಾ?

ಲೇತ್_ಶಹಾಬಾದ್

ಗೇಟರ್ ಹಾಕಬಹುದು, ರಾಡಿನ ಅಳತೆಗೆ ಸರಿಯಾದದ್ದು ನೋಡಿ. ಆದರೆ ಕೆಳಗಿನ ಕ್ಲಿಪ್ ಸಡಿಲವಾಗಿದ್ದರೆ ಒಳಗೆ ನೀರು ನಿಲ್ಲುತ್ತದೆ, ಅದು ಗೇಟರ್ ಇಲ್ಲದ್ದಕ್ಕಿಂತ ಕೆಟ್ಟದು. ಮಳೆಗಾಲ ಮುಗಿದ ಮೇಲೆ ಒಂದು ಸಲ ಎತ್ತಿ ಒರೆಸಿ.

ಡ್ಯೂಕ್ ಬೇಡ. ಒಳಗಿನ ರಚನೆಯೇ ಬೇರೆ, ಸ್ಪ್ರಿಂಗ್ ಒತ್ತಿ ಹಿಡಿಯುವ ಸಲಕರಣೆ ಬೇಕು. ಅಲ್ಲಿ ಸೀಲ್ ಕೆಳಗಿರುತ್ತದೆ, ಸೋರಿದರೆ ನೇರ ಬ್ರೇಕಿನ ಮೇಲೆ. ಅದನ್ನು ಗೊತ್ತಿರುವವರ ಕೈಗೆ ಕೊಡಿ.

ಎರೆಮಣ್ಣು_150

ಎರಡೂವರೆ ತಿಂಗಳಾಯಿತು, ವಿಷಯ ತಿಳಿಸೋಣ ಅಂತ ಬಂದೆ. ಈ ನಡುವೆ ಮಳೆ ಬಂತು, ಹೊಲಕ್ಕೆ ಹದಿನೈದು ಸಲವಾದರೂ ಹೋಗಿ ಬಂದೆ. ರಾಡಿಗೆ ಒಂದು ಸಣ್ಣ ಪ್ಲಾಸ್ಟಿಕ್ ಟೈ ಕಟ್ಟಿದ್ದೇನೆ, ಸೀಲ್ ಎಲ್ಲಿಯವರೆಗೆ ಏರುತ್ತದೆ ಅಂತ ಅದೇ ತೋರಿಸುತ್ತದೆ. ಹಳೇ ರಾಡನ್ನು ಪಕ್ಕಕ್ಕೆ ಹಿಡಿದು ನೋಡಿದೆ. ಆ ಸಾಸಿವೆ ಗುಳಿ ಇದ್ದದ್ದು ಸರಿಯಾಗಿ ಆ ಓಡಾಟದ ನಡುವೆ.

ಈಗ ಹೊಲದಿಂದ ಬಂದ ತಕ್ಷಣ ಒಂದು ಚೊಂಬು ನೀರು ಸುರಿದು, ಒದ್ದೆ ಬಟ್ಟೆಯಿಂದ ರಾಡ್ ಒರೆಸುತ್ತೇನೆ, ಹಿಂಭಾಗವನ್ನೂ. ಪ್ರೆಶರ್ ಪಂಪನ್ನು ಸೀಲಿನ ಹತ್ತಿರ ಹಿಡಿಯುವುದಿಲ್ಲ. ಇವತ್ತು ಬೆಳಿಗ್ಗೆ ಬಿಳಿ ಟಿಶ್ಯೂ ಕಾಗದ ಸುತ್ತಿ ನೋಡಿದೆ. ಎರಡೂ ಕಡೆ ಧೂಳಿನ ಗೆರೆ ಮಾತ್ರ ಬಂತು, ಎಣ್ಣೆ ಇಲ್ಲ.

ಓಣಿಯ ಇನ್ನೊಬ್ಬರ ಸ್ಪ್ಲೆಂಡರಿನ ಫೋರ್ಕೂ ಸೋರುತ್ತಿದೆಯಂತೆ. ಬರುವ ಭಾನುವಾರ ಬೇವಿನ ಮರದ ಕೆಳಗೆ ಬಿಚ್ಚುತ್ತೇವೆ. ಡ್ರಮ್ಮಿನ ಗೂಟ ನೆನಪಿದೆ.